ನೆಲ್ಲಿ ಮರದ ಬೀಗರು

ತುಳಸಿ ಲಗ್ನಕ್ಕೆ ಮೂರು ದಿನ ಇರುವಾಗ ನಾನು ಯಾರನ್ನೂ ಕೇಳದೆ ಬ್ರಹ್ಮಪುರದ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಘೋಷಣೆ ಹಾಕಿಬಿಟ್ಟೆ: ಈ ವರ್ಷ ನಮ್ಮ ಓಣಿಯವರು ಯಾರೂ ನೆಲ್ಲಿ ಟೊಂಗೆ ಕೊಳ್ಳುವುದಿಲ್ಲ. ಅಷ್ಟು ಸಾಲದೆಂದು ಅದರ ಫೋಟೋ ತೆಗೆದು ಕಮಲಾಪುರದ ಶಾಲೆಯ ಹೆಡ್‌ಮಾಸ್ತರ್ ಶಿವಶರಣ ಸರ್‌ಗೂ ಕಳಿಸಿದೆ. ಅವರು ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಓದಿ ಹೇಳಿದರಂತೆ, ಮಕ್ಕಳು ಚಪ್ಪಾಳೆ ತಟ್ಟಿದರಂತೆ. ಇತ್ತ ನಮ್ಮ ಗುಂಪಿನಲ್ಲಿ ಬಂದದ್ದು ಎರಡು ಕೈಮುಗಿದ ಗುರುತು, ಒಂದು ಶುಭೋದಯ.

ನಾನು ಬಿಎಸ್ಸಿ ಕೊನೆಯ ವರ್ಷ, ಸಸ್ಯಶಾಸ್ತ್ರ. ಪ್ರತಿ ಶನಿವಾರ ಬಸ್ ಹತ್ತಿ ಕಮಲಾಪುರಕ್ಕೆ ಹೋಗಿ ಆ ಶಾಲೆಯ ಮಕ್ಕಳ ಜೊತೆ ಗಿಡ, ಹಕ್ಕಿ, ಹುಳ ನೋಡುತ್ತೇನೆ. ಪಾಠವೆಲ್ಲ ನಡೆಯುವುದು ಶಾಲೆಯ ಹಿಂದಿನ ಒಂದೇ ಒಂದು ನೆಲ್ಲಿ ಮರದ ಕೆಳಗೆ. ಒಬ್ಬೊಬ್ಬರಿಗೆ ಒಂದೊಂದು ಟೊಂಗೆ ಕೊಟ್ಟಿದ್ದೇವೆ. ಹೆಸರಿನ ಚೀಟಿ ಕಟ್ಟಿ, ಅದರ ಮೇಲೆ ಯಾವ ಹಕ್ಕಿ ಕೂತಿತು, ಯಾವ ಹುಳ ಮೊಟ್ಟೆ ಇಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೈಯಲ್ಲಿ ಜ್ವರವಿದ್ದರೂ ಟೊಂಗೆ ನೋಡಲು ಬರುವ ಮಕ್ಕಳಿದ್ದಾರೆ.

ತೊಂದರೆ ಕಾರ್ತೀಕದ್ದು. ನಮ್ಮಲ್ಲಿ ತುಳಸಿ ವಧು. ಕಾಯಿ ಬಿಟ್ಟ ನೆಲ್ಲಿ ಟೊಂಗೆಯನ್ನು ವರನೆಂದು ಪಕ್ಕದಲ್ಲಿ ನೆಟ್ಟು ಲಗ್ನ ಮಾಡುತ್ತೇವೆ. ಹೋದ ವರ್ಷ ಪೇಟೆಯಿಂದ ಯಾರೋ ಹೋಗಿ ಆ ಮರದ ದಪ್ಪ ಟೊಂಗೆಯೊಂದನ್ನು ಸೀಳಿ ತಂದಿದ್ದರು. ಗಾಯ ಕಪ್ಪಾಗಿ ಒಳಗೆ ಪೊಳ್ಳು ಬಿದ್ದಿತ್ತು. ಇನ್ನೊಂದು ಸಲ ಹೀಗಾದರೆ ಮರ ಉಳಿಯುವುದಿಲ್ಲ ಎಂದು ಸರ್ ಹೇಳಿದ್ದರು. ಯಾರು ಒಯ್ಯುತ್ತಾರೆ ಎಂದು ಮಕ್ಕಳು ಕೇಳಿದಾಗ ನಾನು ತಡೆಯುತ್ತೇನೆ ಎಂದೆ. ಒಯ್ಯುವವರು ನಮ್ಮವರೇ ಎಂದು ಹೇಳಲು ಬಾಯಿ ಬರಲಿಲ್ಲ.

ಅಜ್ಜಿ ಇಂದೂಬಾಯಿ ನನ್ನ ಘೋಷಣೆ ಓದಿ ಕನ್ನಡಕ ತೆಗೆದಿಟ್ಟಳು. ನೆಲ್ಲಿ ಇಲ್ಲದೆ ಲಗ್ನ ಮಾಡಲು ತಾನೇನು ಮೊನ್ನೆ ಹುಟ್ಟಿದವಳಲ್ಲ ಎಂದಳು, ಮುಗಿಯಿತು. ನಾನು ಶಹಾಬಜಾರಕ್ಕೆ, ಓಣಿಗೆಲ್ಲ ಹೂವು ಕೊಡುವ ಪ್ರೇಮಕುಮಾರನ ಅಂಗಡಿಗೆ ಓಡಿದೆ. ಮೂವತ್ತು ಮನೆಯವರು ಟೊಂಗೆ ಹೇಳಿಟ್ಟಿದ್ದಾರೆ, ಎಲ್ಲರಿಗಿಂತ ಮೊದಲು ಹೇಳಿದ್ದು ನಿಮ್ಮ ಅಜ್ಜಿಯೇ ಎಂದ. ಎಲ್ಲಿಂದ ತರುತ್ತೀ ಎಂದು ಕೇಳಿದೆ. ಕಮಲಾಪುರ, ಶಾಲೆಯ ಹಿಂದೆ, ಹೋದ ವರ್ಷ ನಿಮ್ಮ ಮನೆಗೆ ಕೊಟ್ಟದ್ದೂ ಅಲ್ಲಿಯದೇ ಎಂದ.

ಆಮೇಲೆ ನನಗೆ ಊಟ ಸೇರಲಿಲ್ಲ.

ಲಗ್ನದ ದಿನ ಬೆಳಿಗ್ಗೆ ತಡೆಯಲಾರದೆ ಅಜ್ಜಿಗೆ ಗಾಯದ ಫೋಟೋ ತೋರಿಸಿದೆ. ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಒಂದು ಮಾತೂ ಬೇಕಾಗಲಿಲ್ಲ. ಅವಳು ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಹ್ವಾದ ವರ್ಷ ನಮ್ಮ ಮನಿಗೆ ಬಂದಿದ್ದ ಟೊಂಗಿ ಕಡದ ಜಾಗಾ ಏನು ಇದು?"

"ಹೌದಜ್ಜಿ."

"ಅಂಥಾ ಧಡೂತಿ ವರ ಯಾರ ಮನ್ಯಾಗೂ ಇಲ್ಲ ಅಂತ ಓಣಿ ತುಂಬ ಹೇಳ್ಕೋತ ತಿರಗಿದ್ದೆ ನಾ." ಫೋನ್ ನನ್ನ ಕೈಗೆ ಕೊಟ್ಟಳು. "ವರನ ಕೈ ಕಡದು ತಂದು ಅಕ್ಷತಾ ಹಾಕೀವಲ್ಲೇ ಮೃದುಲಾ. ಇಷ್ಟ ವರ್ಷ ಒಬ್ಬರಿಗೂ ಹೊಳಿಲಿಲ್ಲ."

ಅವಳೇ ಪ್ರೇಮಕುಮಾರನಿಗೆ ಫೋನ್ ಹಚ್ಚಿದಳು. ಎತ್ತಿದ್ದು ಅವನ ಹೆಂಡತಿ. ಫೋನ್ ಅಂಗಡಿಯಲ್ಲೇ ಚಾರ್ಜಿಗೆ ಬಿಟ್ಟು ಈಗಷ್ಟೇ ಕಮಲಾಪುರಕ್ಕೆ ಹೋದ ಎಂದಳು. ಶಿವಶರಣ ಸರ್ ತರಗತಿಯಲ್ಲಿರುವಾಗ ಫೋನ್ ಆರಿಸಿಡುತ್ತಾರೆ. ನಾನು ಅಳುವುದೊಂದೇ ಬಾಕಿ.

"ಹುಡುಗ ಬರಲಾರದಷ್ಟ ದೊಡ್ಡಾವ ಇದ್ರ, ಹುಡುಗಿನ್ನ ಕರ್ಕೊಂಡು ಹೋಗಬೇಕಪ್ಪ," ಎಂದಳು ಅಜ್ಜಿ. "ಬಾಡಿಗಿ ಕ್ರೂಸರ್ ಗಾಡಿ ಹೇಳು."

ಕಟ್ಟೆಯ ತುಳಸಿ ಅಲುಗಾಡುವಂತಿಲ್ಲ. ಅದರ ಬೀಜದಿಂದ ಕುಂಡದಲ್ಲಿ ಬೆಳೆದಿದ್ದ ಚಿಕ್ಕ ತುಳಸಿಗೆ ಹಸಿರು ಬಳೆ, ಕುಂಕುಮ ಇಟ್ಟು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡಳು. ಓಣಿಯ ಎಂಟು ಹೆಂಗಸರು, ಮಂಗಳಾಷ್ಟಕ ಹೇಳಲು ಪಾಂಡುರಂಗಾಚಾರ್ಯರು. ಅಡುಗೆ, ಮಡಿ ಎಂದು ಎಲ್ಲ ಮುಗಿಸಿ ಹೊರಡುವಾಗ ಎರಡು ಗಂಟೆ. ಗಾಡಿಯಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಖುಷಿ.

ಮಹಾಗಾಂವ ಕ್ರಾಸ್ ಹತ್ತಿರ ಎದುರಿನಿಂದ ಪ್ರೇಮಕುಮಾರನ ಗಾಡಿ ಬಂತು. ಹಿಂದೆ ಹಸಿರು ಹೊರೆ. ಅಜ್ಜಿ ಕ್ರೂಸರ್ ನಿಲ್ಲಿಸಿ ಕುಂಡ ಹಿಡಿದುಕೊಂಡೇ ಇಳಿದು, ಎಷ್ಟು ಟೊಂಗೆ ಕಡಿದೆ ಎಂದು ಕೇಳಿದಳು.

"ಟೊಂಗಿ ಎಲ್ಲಿವು ಬಾಯಾರ, ಇದು ಕಬ್ಬು, ಮಾವಿನ ಎಲಿ ತಪ್ಪಲು." ಪ್ರೇಮಕುಮಾರ ಬೆವರು ಒರೆಸಿಕೊಂಡ. "ಗಿಡ ಏರಿದೆರಿ. ಟೊಂಗಿಗೊಂದು ಹುಡುಗರ ಹೆಸರು ಕಟ್ಯಾರ. ಕೆಳಗ ಶೀಲಾ ಅನ್ನಾಕಿ ಸಣ್ಣಾಕಿ ಬರಿಯೋ ವಹಿ ಹಿಡ್ಕೊಂಡು ನಿಂತಾಳ. ಇದು ಕಡೀಲೇನವ್ವಾ ಅಂದ್ರ, ಅದು ಹಣಮಮ್ಮಂದು, ಆಕಿಗಿ ಜ್ವರ ಬಂದಾವ, ಆರಾಮಾದ ಮ್ಯಾಲ ಆಕಿಗೇ ಕೇಳ್ರಿ ಅಂತಾಳ. ಹನ್ನೊಂದು ಟೊಂಗಿ ಕೇಳಿದೆ. ಹನ್ನೊಂದಕ್ಕೂ ಒಬ್ಬೊಬ್ಬ ಮಾಲಕ. ನಾಚಿಕಿ ಬಂದು ಇಳದು ಬಂದೆ."

ನಾನು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ನಗುವೋ ಅಳುವೋ ಏನೋ ಬಂತು. ಮೂವತ್ತು ಮನೆಗೆ ಏನು ಹೇಳಲಿ ಎಂದು ಪ್ರೇಮಕುಮಾರ ಕೇಳುತ್ತಿದ್ದ.

"ಅವರಿಗಿ ನಾ ಹೇಳ್ತೀನಿ," ಎಂದಳು ಅಜ್ಜಿ. "ನೀ ಆ ಕಬ್ಬು ತಗೊಂಡು ನಮ್ಮ ಹಿಂದ ಬಾ. ಲಗ್ನಕ್ಕ ಬೇಕು."

ಶಾಲೆ ಬಿಟ್ಟರೂ ಮಕ್ಕಳು ಮರದ ಸುತ್ತ ಹಾಗೇ ಇದ್ದರು. ನಾವು ಬಂದ ಕಾರಣ ಕೇಳಿ ಶಿವಶರಣ ಸರ್ ಹುಡುಗನ ಕಡೆಯವರಂತೆಯೇ ಎಲ್ಲರಿಗೂ ಚಹಾ ತರಿಸಿದರು. ಅಜ್ಜಿ ವರನ ವಿಚಾರಣೆ ಶುರು ಮಾಡಿದಳು. ವಯಸ್ಸೆಷ್ಟು, ಯಾರು ನೀರು ಹಾಕುತ್ತಾರೆ, ಮನೆಯಲ್ಲಿ ಯಾರ್ಯಾರಿದ್ದಾರೆ. ಶೀಲಾ ನೋಟ್‌ಬುಕ್ ತೆರೆದು ಬುಲ್‌ಬುಲ್ ಜೋಡಿ, ಎರಡು ಅಳಿಲು, ಕೆಂಜಿಗ ಇರುವೆ ಎಂದು ಓದಿದಳು. ಭಾರಿ ದೊಡ್ಡ ಕುಟುಂಬ, ಹುಡುಗಿಗೆ ಕೆಲಸ ಬಹಳ ಬೀಳುತ್ತದೆ ಎಂದು ಹೆಂಗಸರು ನಕ್ಕರು. ಗಾಯಕ್ಕೆ ಮಾತ್ರ ಯಾರೂ ನಗಲಿಲ್ಲ. ಅಜ್ಜಿ ಅದರ ಮೇಲೆ ಅಂಗೈ ಇಟ್ಟು ನಿಂತಿದ್ದಳು.

ಹೊತ್ತು ಮುಳುಗುವಾಗ ಲಗ್ನ. ಅಂತರಪಟ ಹಿಡಿದರೆ ಅದು ವರನ ಮೊಣಕಾಲಿಗೂ ಬರಲಿಲ್ಲ. ಆಚಾರ್ಯರು ಮಂಗಳಾಷ್ಟಕ ಹೇಳಿದರು, ಮಕ್ಕಳು ಅಕ್ಷತೆಯನ್ನು ಮರಕ್ಕಿಂತ ಹೆಚ್ಚು ಒಬ್ಬರ ಮೇಲೊಬ್ಬರು ಎರಚಿದರು. ಕಮಲಾಪುರದವರು ಬೀಗರಿಗೆಂದು ಒಂದು ಗೊನೆ ಕೆಂಪು ಬಾಳೆಹಣ್ಣು ತಂದಿಟ್ಟರು.

ಹೊರಡುವಾಗ ನಾನು ಕುಂಡ ಎತ್ತಿಕೊಂಡೆ.

"ಅದನ್ನ ಎಲ್ಲಿಗೆ ಒಯ್ತಿ?" ಎಂದಳು ಅಜ್ಜಿ. "ಲಗ್ನ ಆದಾಕಿನ್ನ ಅದೇ ಗಾಡ್ಯಾಗ ಹೊಳ್ಳಿ ಒಯ್ತಾರೇನು?"

ಮರದ ಬುಡದಲ್ಲಿ, ಬಿಸಿಲು ಬೀಳುವ ಕಡೆ ನೋಡಿ ಅವಳೇ ಇಟ್ಟಳು. ದಿನಕ್ಕೆ ಎಷ್ಟು ನೀರು, ತೆನೆ ಯಾವಾಗ ಚಿವುಟಬೇಕು ಎಂದು ಶೀಲಾಳಿಗೆ ಹೇಳಿ, ಅವಳು ಬರೆದುಕೊಂಡದ್ದನ್ನು ಓದಿಸಿ ಕೇಳಿದಳು. ಶನಿವಾರ ನಾನು ಬರುವ ಬಸ್ಸಿಗೇ ತಾನೂ ಬರುವುದಾಗಿ ಹೇಳಿದಳು. ಬರುವ ವರ್ಷ ಎರಡು ಕ್ರೂಸರ್ ಬೇಕು ಎಂದು ಹಿಂದಿನ ಸೀಟಿನಲ್ಲಿ ಆಗಲೇ ಜಗಳ ನಡೆದಿತ್ತು. ಮಹಾಗಾಂವ ದಾಟುವಷ್ಟರಲ್ಲಿ ನಾನು ನಾಲ್ಕು ಬಾಳೆಹಣ್ಣು ತಿಂದಿದ್ದೆ, ಐದನೆಯದನ್ನು ಸುಲಿಯುತ್ತಿದ್ದೆ.