ಕೊನೆಯ ನಟ್ಟು

ಅತ್ತಿಗೆ ನೋಡುತ್ತಿದ್ದಂತೆ ಮೈದುನ ಇನ್ನೊಮ್ಮೆ ಕೀಲಿ ತಿರುಗಿಸಿದ. ಬಾನೆಟ್ಟಿನ ಒಳಗೆಲ್ಲೋ ಟಿಕ್ಕೆಂದಿತು, ಅಷ್ಟೆ. ಜೀಪಿನ ಹಿಂಭಾಗದಲ್ಲಿ, ಸೀಟು ಕಿತ್ತು ಹಲಗೆ ಹಾಸಿದ್ದ ಜಾಗದಲ್ಲಿ, ಬಿಳಿ ಬಟ್ಟೆ ಹೊದ್ದು ಅವನ ಅಣ್ಣ ಮಲಗಿದ್ದರು.

“ನಿನ್ನೆ ಮೊನ್ನೆವರೆಗೂ ಚೆನ್ನಾಗಿತ್ತಲ್ಲ,” ಎಂದು ಅವನು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ. ಅವನದು ಹೊಲಿಗೆ ಅಂಗಡಿ; ಸೂಜಿ ಚುಚ್ಚದಂತೆ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಅಂಗುಸ್ತಾನವನ್ನು ಎರಡು ದಿನದಿಂದ ತೆಗೆದಿರಲಿಲ್ಲ.

“ತಳ್ಳಿ ನೋಡೋಣವಾ?” ಎಂದು ಪಕ್ಕದ ಮನೆಯವರು ಕೇಳಿದರು.

ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ ದೊಡ್ಡಕ್ಕ, ಸತ್ತವರ ಅಕ್ಕ, ಕಣ್ಣು ತೆರೆದರು. “ಬೀದಿ ಏರಿನಲ್ಲಿದೆ, ಒಳಗೆ ಮಲಗಿರೋನು ಮೂಟೆಯಲ್ಲ. ಜೀವ ಇದ್ದಾಗಲೇ ಅವನಿಗೆ ಯಾರ ಕೈಲೂ ಅವಸರ ಮಾಡಿಸೋಕಾಗಲಿಲ್ಲ. ಈಗ ತಳ್ತೀರಾ?”

ಯಾರೋ ಸಣ್ಣಗೆ ನಕ್ಕು, ನಕ್ಕದ್ದಕ್ಕೆ ನಾಚಿ, ಕಣ್ಣೊರೆಸಿಕೊಂಡರು.

ಸತ್ತವರು ಗುಡ್ಡದ ಮೇಲಿನ ಪಂಪ್‌ಹೌಸಿನಲ್ಲಿ ಸರ್ವಿಸ್ ಪೂರ್ತಿ ರಾತ್ರಿ ಪಾಳಿ ಮಾಡಿದವರು. ಬೆಳಗಿನ ಜಾವ ಬೀದಿಬೀದಿಗೆ ನೀರು ಬಿಡುತ್ತಿದ್ದರಿಂದ ಎಲ್ಲರಿಗೂ ಅವರು ನೀರಣ್ಣ. ನಲ್ಲಿ ಸದ್ದು ಮಾಡಿದರೆ “ನೀರಣ್ಣ ಎದ್ದಿದಾನೆ, ನೀನಿನ್ನೂ ಬಿದ್ಕೊಂಡಿದೀಯಾ” ಎಂದು ತಾಯಂದಿರು ಮಕ್ಕಳನ್ನು ಎಬ್ಬಿಸುತ್ತಿದ್ದ ಊರು ಅದು. ಅವರು ತಮಗಾಗಿ ಕೇಳಿಕೊಂಡದ್ದು ಒಂದೇ: ಗುಡ್ಡದ ಮೇಲೆ, ಪಂಪ್‌ಹೌಸಿನ ಹಿಂದಿನ ಹಳೆಯ ಸ್ಮಶಾನದಲ್ಲಿ, ತಾಯಿಯ ಪಕ್ಕ ಆರಡಿ ಜಾಗ. ಗುಂಡಿ ತೋಡಿ ಆಗಿತ್ತು. ಆದರೆ ಆ ದಾರಿಯೆಂದರೆ ಬರೀ ಬಂಡೆ, ಹೆಗಲ ಮೇಲೆ ಹೊತ್ತು ಹತ್ತುವಂಥದ್ದಲ್ಲ. ಬಾಡಿಗೆ ವ್ಯಾನಿನವನು ಬೆಳಿಗ್ಗೆಯೇ ಬಂದು ಮೇಲೆ ನೋಡಿ, “ಕೆಳಗಿನ ಸ್ಮಶಾನಕ್ಕಾದ್ರೆ ಬರ್ತೀನಿ, ಅಲ್ಲಿಗೆ ನನ್ನ ಗಾಡಿ ಹತ್ತಲ್ಲ” ಎಂದು ಹೇಳಿಹೋಗಿದ್ದ. ಹತ್ತುವ ಗಾಡಿ ಈ ಜೀಪೊಂದೇ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು.

“ವ್ಯಾನಿನವನನ್ನ ಕರೀಲಾ ಅತ್ತಿಗೆ?” ಮೈದುನ ಇಳಿದು ಬಂದ. “ಕೆಳಗೇ ಮಾಡಿಬಿಡೋಣ. ಅದೂ ಭೂಮಿತಾಯಿನೇ.”

 ನೀರಣ್ಣನ ಹೆಂಡತಿಯ ಕಣ್ಣು ಜೀಪಿನ ಮುಂದಿನ ಸೀಟಿನ ಮೇಲಿತ್ತು. ಅಲ್ಲಿ ತನ್ನ ಉಸಿರಿನ ಯಂತ್ರ ಇತ್ತು, ಕೊಳವೆ ಸುತ್ತಿಕೊಂಡು, ಮೂಗಿನ ಮೇಲೆ ಇಡುವ ಬಟ್ಟಲನ್ನು ಮೇಲ್ಮುಖ ಮಾಡಿಕೊಂಡು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಆಕೆಗೆ. ಅದಿಲ್ಲದೆ ಕಣ್ಣು ಮುಚ್ಚುವಂತಿಲ್ಲ.

“ನಿನ್ನೆ ಕರೆಂಟು ಹೋದ ಮೇಲೆ ಇದನ್ನ ಎಲ್ಲಿಗೆ ಸಿಕ್ಕಿಸಿದ್ದೆ?”

“ಜೀಪಿಗೇ. ಕಿಟಕಿಯಿಂದ ವೈರು ಎಳೆದು.”

“ಹಿಂದಿನ ಪ್ಲಗ್ಗಿಗಾ, ಮುಂದಿನದಕ್ಕಾ?”

“ಹಿಂದಿನದು ಕೆಲಸ ಮಾಡಲಿಲ್ಲ ಅತ್ತಿಗೆ. ಮುಂದಿನದಕ್ಕೆ ಹಾಕಿದೆ.” ಹೇಳುತ್ತಿದ್ದಂತೆ ಅವನ ದನಿ ಕುಗ್ಗಿತು. “ನೀವು ಅತ್ತೂ ಅತ್ತೂ ಮಂಪರಿಗೆ ಜಾರ್ತಿದ್ರಿ, ಉಸಿರು ಕಟ್ಟಿ ಬೆಚ್ಚಿ ಏಳ್ತಿದ್ರಿ. ಬೆಳಗಿನವರೆಗೂ ಓಡಲಿ ಅಂತ ಬಿಟ್ಟೆ.”



“ಮುಂದಿನದು ಗಾಡಿ ಎಬ್ಬಿಸೋ ಬ್ಯಾಟರಿದು. ಹಾಗಾದ್ರೆ ಅವರ ದಾರಿಯನ್ನ ನಾನೇ ಉಸಿರಾಡಿ ಮುಗಿಸಿದೀನಿ,” ಎಂದರು ಆಕೆ.

*

ಎರಡನೆಯ ಬ್ಯಾಟರಿ ಮನೆಗೆ ಬಂದ ದಿನ ಮೈದುನ ಅಂಗಡಿ ಮುಚ್ಚಿ ನೋಡಲು ಬಂದಿದ್ದ.

“ಒಂದು ಗಾಡಿಗೆ ಎರಡು ಬ್ಯಾಟರಿ ಯಾಕಣ್ಣ? ಒಂದು ಪ್ಯಾಂಟಿಗೆ ಎರಡು ಸೊಂಟ ಹೊಲಿದ ಹಾಗೆ.”

ನೀರಣ್ಣ ಜೀಪಿನ ಹಿಂಭಾಗದ ಹಲಗೆಯ ಪೆಟ್ಟಿಗೆಯೊಳಗೆ ಬ್ಯಾಟರಿಯನ್ನು ಕೂರಿಸಿ, ಅಲ್ಲಾಡದಂತೆ ಬೆಲ್ಟು ಬಿಗಿಯುತ್ತಿದ್ದರು. ಮಾತಿಗೆ ಅವಸರವಿರಲಿಲ್ಲ.

“ಮುಂದಿನದು ಗಾಡಿ ಎಬ್ಬಿಸೋಕೆ. ಅದನ್ನ ಬೇರೆ ಯಾವುದಕ್ಕೂ ಮುಟ್ಟಬಾರದು. ಹಿಂದಿನದು ರಾತ್ರಿಗೆ. ದೀಪ, ಫ್ಯಾನು, ನಿಮ್ಮತ್ತಿಗೆ ಯಂತ್ರ, ಎಲ್ಲಾ ಇದರ ಪಾಲು. ನಡುವೆ ಈ ಡಬ್ಬಿ ಇದೆ ನೋಡು, ಇದು ವಾಲ್ವು. ಇಂಜಿನ್ ಓಡ್ತಿದ್ರೆ ತೆರ್ಕೊಳ್ಳುತ್ತೆ, ಎರಡು ತೊಟ್ಟಿನೂ ತುಂಬುತ್ವೆ. ಇಂಜಿನ್ ನಿಂತರೆ ಮುಚ್ಕೊಳ್ಳುತ್ತೆ. ರಾತ್ರಿಯೆಲ್ಲಾ ಹಿಂದಿನದು ಬರಿದಾದ್ರೂ ಬೆಳಿಗ್ಗೆ ಗಾಡಿ ಎದ್ದೇಳುತ್ತೆ.”

“ಮುಂದಿನದೇ ಬರಿದಾದ್ರೆ?”

“ಅದಕ್ಕೇ ಈ ಕೆಂಪು ಗುಂಡಿ. ಒತ್ತಿ ಹಿಡಿದರೆ ಹಿಂದಿನದು ಮುಂದಿನದಕ್ಕೆ ಹೆಗಲು ಕೊಡುತ್ತೆ.”

“ಇಷ್ಟೆಲ್ಲಾ ಮಾಡಿ ಹೋಗೋದೆಲ್ಲಿಗೆ? ಮನೆ ಕಿಟಕಿಯಿಂದ ಕಾಣೋ ಗುಡ್ಡಕ್ಕೆ.”

ನೀರಣ್ಣ ನಕ್ಕರು, ಅಷ್ಟೆ. ಹೇಳಬೇಕಾದವರಿಗೆ ಆ ಮಾತನ್ನು ಅವರು ಬೇರೆ ಹೊತ್ತಿನಲ್ಲಿ ಹೇಳಿದ್ದರು. ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದ ಹೆಂಡತಿಯ ಪಕ್ಕ ನಿಂತು, ಗೋಡೆ ನೋಡಿಕೊಂಡು ಹೇಳಿದ್ದರು.

“ನಾನು ಮೇಲೆ ಕೂತು ಎಷ್ಟು ರಾತ್ರಿ ನೋಡಿದೀನಿ. ಆಕಾಶ ಅಂದ್ರೆ ಅದು ಕಣೇ. ದೇವರು ಬಾಗಿಲು ತೆಗೆದಿಟ್ಟ ಹಾಗಿರುತ್ತೆ. ನೀನು ಕೆಳಗೆ ಒಬ್ಬಳೇ ಮಲಗಿರ್ತಿದ್ದೆ. ಒಂದು ರಾತ್ರಿಯಾದ್ರೂ ನೀನು ಅಲ್ಲಿ ಮಲಗಬೇಕು.”

“ನೋಡೋಕೆ ಹೋಗೋರು ಮಲಗೋದ್ಯಾಕೆ?”

“ನೋಡ್ತಾ ನೋಡ್ತಾ ನಿದ್ದೆ ಬರಬೇಕು. ಎದ್ದಾಗ ನಾನು ಪಕ್ಕದಲ್ಲಿರಬೇಕು. ನಮಗೆ ಅದೇ ಅಲ್ವಾ ಆಗದೆ ಹೋಗಿದ್ದು.”

ಅದು ನಿಜ. ಅವರು ಮನೆಗೆ ಬರುವ ಹೊತ್ತಿಗೆ ಆಕೆ ಶಾಲೆಯ ಅಡುಗೆಮನೆಗೆ ಹೊರಡುತ್ತಿದ್ದರು. ಒಂದೇ ದಿಂಬು ಇಬ್ಬರಿಗೂ ಆಗುತ್ತಿತ್ತು ಎಂದು ದೊಡ್ಡಕ್ಕ ಗೇಲಿ ಮಾಡುತ್ತಿದ್ದರು. ಪಾಳಿ ಮುಗಿದು ನಿವೃತ್ತಿ ಬಂತು ಅನ್ನುವಷ್ಟರಲ್ಲಿ ಆಕೆಗೆ ಈ ಕಾಯಿಲೆ ಬಂತು, ಯಂತ್ರ ಗೋಡೆಯ ಪ್ಲಗ್ಗಿಗೆ ಆಕೆಯನ್ನು ಕಟ್ಟಿಹಾಕಿತು.

*

ಪಂಪ್‌ಹೌಸಿನ ಹಳೆಯ ವಾಲ್ವ್‌ಮ್ಯಾನ್ ಇಷ್ಟು ಹೊತ್ತೂ ಗೆಳೆಯನ ಪಾದದ ಬಳಿಯೇ ನಿಂತಿದ್ದ. ಈಗ ಹಲಗೆಯ ಪೆಟ್ಟಿಗೆಯ ಮುಚ್ಚಳ ಎತ್ತಿ ಇಣುಕಿದ.

“ಹಿಂದಿನ ಪ್ಲಗ್ಗು ಕೆಟ್ಟಿಲ್ಲಮ್ಮ,” ಎಂದ. “ಕೆಲಸ ಮುಗಿದಿಲ್ಲ, ಅಷ್ಟೇ. ಬನ್ನಿ ನೋಡಿ.”

ಎಲ್ಲ ವೈರುಗಳೂ ಸೇರಿದ್ದವು, ಒಂದರ ಹೊರತು. ಬೆರಳು ದಪ್ಪದ ಕೆಂಪು ವೈರಿನ ತುದಿಗೆ ಒಗೆದ ಬಟ್ಟೆಯ ಚೂರು ಸುತ್ತಿ, ಬ್ಯಾಟರಿಗೆ ತಾಗದಂತೆ ಪಕ್ಕಕ್ಕೆ ಮಲಗಿಸಿದ್ದರು. ನಟ್ಟು ತನ್ನ ಬೋಲ್ಟಿನ ಮೇಲೆ ಒಂದೇ ಸುತ್ತು ಕೂತಿತ್ತು. ಪಕ್ಕದಲ್ಲಿ ಸ್ಪ್ಯಾನರ್.

“ಇವನ ಹಟ ನಿಮಗೆ ಗೊತ್ತಲ್ಲ,” ವಾಲ್ವ್‌ಮ್ಯಾನ್ ಸುತ್ತಲಿದ್ದವರಿಗೆ ಹೇಳಿದ. “ಪಂಪ್‌ಹೌಸಲ್ಲಿ ಯಾವುದನ್ನ ರಿಪೇರಿ ಮಾಡಿದ್ರೂ ಕೊನೇ ನಟ್ಟು ಮಾತ್ರ ಬಿಗೀತಿರಲಿಲ್ಲ. ಯಾರು ಬಳಸ್ತಾರೋ ಅವರ ಕೈಗೆ ಸ್ಪ್ಯಾನರ್ ಕೊಡ್ತಿದ್ದ. ಬಿಗಿದ ಕೈಗೆ ಅದರ ಪರಿಚಯ ಇರುತ್ತೆ ಅಂತಿದ್ದ. ಒಂದ್ಸಲ ಸಾಹೇಬರ ಕುರ್ಚಿ ಸರಿಮಾಡಿ, ಅವರ ಕೈಲೂ ಬಿಗಿಸಿದ್ದ.”

“ಸಾಹೇಬ್ರು ಬಿಗಿದ್ರಾ?” ದೊಡ್ಡಕ್ಕ ಕೇಳಿದರು.

“ಇಲ್ಲ. ಬಿದ್ರು.”

ಈ ಸಲ ನೀರಣ್ಣನ ಹೆಂಡತಿಯೂ ನಕ್ಕರು. ಮೊನ್ನೆ ಸಂಜೆ ಗಂಡ ಇಲ್ಲಿಂದಲೇ ಕೂಗಿದ್ದು ನೆನಪಾಯಿತು. “ಬಾರೇ, ಒಂದು ನಟ್ಟಿದೆ.” “ಕೈಯೆಲ್ಲಾ ಸೋಪು, ನಾಳೆ ಬರ್ತೀನಿ.” “ನಾಳೆ ಆಗಲಿ ಬಿಡು,” ಎಂದಿದ್ದರು, ಬೇಸರವಿಲ್ಲದೆ. ಬೆಳಿಗ್ಗೆ ಯಂತ್ರ ತೆಗೆದಿಟ್ಟು ಪಕ್ಕಕ್ಕೆ ತಿರುಗಿದಾಗ ಅವರ ಮೈ ತಣ್ಣಗಾಗಿತ್ತು. ಯಂತ್ರದ ಸದ್ದಿನಲ್ಲಿ ಅವರ ಉಸಿರು ನಿಂತದ್ದು ಆಕೆಗೆ ಕೇಳಿಸಿರಲಿಲ್ಲ.

“ಸೋಪಿನ ಕೈಯಲ್ಲೇ ಹೋಗಬೇಕಿತ್ತು ನಾನು,” ಎಂದರು.

“ನಾನು ಬಿಗಿದುಕೊಡ್ಲಾ ಅತ್ತಿಗೆ?” ಮೈದುನ ಸ್ಪ್ಯಾನರಿಗೆ ಕೈ ಚಾಚಿದ. ದೊಡ್ಡಕ್ಕ ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪು ಹತ್ತಿದರು. ಗಂಡನ ಪಾದಗಳ ಪಕ್ಕ ಮಂಡಿಯೂರಿದರು. ಬಟ್ಟೆಯ ಚೂರು ಬಿಚ್ಚಿ, ನಟ್ಟು ತೆಗೆದು, ವೈರಿನ ಬಳೆಯನ್ನು ಬೋಲ್ಟಿಗೆ ತೊಡಿಸಿ, ಮತ್ತೆ ನಟ್ಟು ಕೂರಿಸಿದರು. ಸ್ಪ್ಯಾನರ್ ಒಮ್ಮೆ ಜಾರಿತು. ಎರಡನೆಯ ಸಲ ಹಿಡಿಯಿತು.

“ಕೈಗೆ ಗಟ್ಟಿ ಅನ್ನಿಸಿದ ಮೇಲೆ ಇನ್ನೊಂದು ಕಾಲು ಸುತ್ತು,” ವಾಲ್ವ್‌ಮ್ಯಾನ್ ಮೆಲ್ಲಗೆ ಹೇಳಿದ.

ಆ ಕಾಲು ಸುತ್ತಿಗೆ ತಲೆಯ ಕಡೆಯ ಮೂಲೆಯಲ್ಲಿ ಒಂದು ಪುಟ್ಟ ದೀಪ ಹತ್ತಿಕೊಂಡಿತು. ನೀರಣ್ಣ ಅದರ ಸ್ವಿಚ್ಚು ಹಾಕಿಯೇ ಇಟ್ಟಿದ್ದರು. ಆಕೆ ಮಲಗಬೇಕಾಗಿದ್ದ ಬದಿಯ ದೀಪ ಅದು. ಬೆಳಕು ಈಗ ಅವರ ಮುಖದ ಮೇಲೆ ಬಿತ್ತು. 

ಆಕೆ ಕೆಂಪು ಗುಂಡಿ ಒತ್ತಿ ಹಿಡಿದರು. “ಈಗ ತಿರುಗಿಸಪ್ಪ.”

ಇಂಜಿನ್ ಒಂದು ಸಲ ಗೊಣಗಿತು. ಮತ್ತೊಂದು ಸಲ ಗೊಣಗಿ, ಎದ್ದಿತು.

*

ಮಣ್ಣಿನ ಕೆಲಸ ಮುಗಿದಾಗ ಬಂಡೆಗಳ ಮೇಲೆ ಬಿಸಿಲು ಕೆಂಪಗಾಗಿತ್ತು. ದೊಡ್ಡಕ್ಕ ತಾಯಿಯ ಸಮಾಧಿಯ ಕಡೆ ತಿರುಗಿ, “ತಗೋಮ್ಮ, ನಿನ್ನ ಮಗ ರಾತ್ರಿ ಪಾಳಿಗೆ ಬಂದಿದಾನೆ” ಎಂದರು. ಪ್ರಾರ್ಥನೆ ಹೇಳಿದರು. ಜನ ಒಬ್ಬೊಬ್ಬರೇ ಕಾಲುದಾರಿಯಲ್ಲಿ ಇಳಿಯತೊಡಗಿದರು.

“ಹೊರಡೋಣವಾ ಅತ್ತಿಗೆ?”

“ಸ್ವಲ್ಪ ಹೊತ್ತು ಇರ್ತೀನಿ. ನೀನು ಅಲ್ಲಿ ಕಟ್ಟೆ ಮೇಲೆ ಕೂತಿರು.”

ಮೈದುನ ಪಂಪ್‌ಹೌಸಿನ ಕಟ್ಟೆಗೆ ಹೋಗಿ ಬೆನ್ನು ಮಾಡಿ ಕೂತ. ಬೆರಳಿನ ಅಂಗುಸ್ತಾನ ತೆಗೆದು ಜೇಬಿಗೆ ಹಾಕಿಕೊಂಡ.

ಆಕೆ ಜೀಪಿನ ಹಿಂಬಾಗಿಲು ಸಮಾಧಿಯ ಕಡೆಗೇ ತೆರೆದಿಟ್ಟು, ಹಲಗೆಯ ಮೇಲೆ ತನ್ನ ಬದಿಯಲ್ಲಿ ಮಲಗಿದರು. ಗಂಡನ ಬದಿ ಖಾಲಿ ಇತ್ತು. ಕೆಳಗೆ ಊರಿನ ದೀಪಗಳು ಒಂದೊಂದಾಗಿ ಹತ್ತಿಕೊಂಡವು, ಮೇಲೆ ಮೊದಲನೆಯ ಚುಕ್ಕೆ ಮೂಡಿತು. ಆಕೆ ಮುಂದಿನ ಸೀಟಿನಿಂದ ತಂದಿಟ್ಟುಕೊಂಡಿದ್ದ ಯಂತ್ರದ ವೈರನ್ನು ಹಿಂದಿನ ಪ್ಲಗ್ಗಿಗೆ ಸಿಕ್ಕಿಸಿದರು.

ಯಂತ್ರ ಉಸಿರಾಡತೊಡಗಿತು. ಉಸಿರಿನ ಬಟ್ಟಲನ್ನು ಆಕೆ ಮುಖಕ್ಕೆ ಹಾಕಿಕೊಳ್ಳಲಿಲ್ಲ. ಅದನ್ನು ಪಕ್ಕದ ಖಾಲಿ ಬದಿಯಲ್ಲಿ ಮಲಗಿಸಿ, ಕಣ್ಣು ತೆರೆದುಕೊಂಡೇ ಇದ್ದರು. ಅದರಿಂದ ಬರುತ್ತಿದ್ದ ಗಾಳಿಗೆ ಅಲ್ಲಿ ಬಿದ್ದಿದ್ದ, ಅವರು ವೈರಿಗೆ ಸುತ್ತಿದ್ದ ಬಟ್ಟೆಯ ಚೂರಿನ ಅಂಚು ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು.