ಕುದಿಸಿದ ಸ್ಪಂಜು

ಮೂವತ್ತೊಂದು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದೇನೆ. ಕೊಳಕು ಕಂಡರೆ ನನಗೆ ಆಗದು. ಕತ್ತರಿಯಾಗಲಿ ಚಿಮುಟವಾಗಲಿ, ಚೆನ್ನಾಗಿ ಹಬೆ ಕುಡಿದ ಮೇಲೆಯೇ ನನ್ನ ಕೈಯಿಂದ ಡಾಕ್ಟರ ಕೈಗೆ ಹೋಗಬೇಕು. ಈ ಬುದ್ಧಿ ಮನೆಗೂ ನನ್ನ ಹಿಂದೆಯೇ ಬರುತ್ತದೆ, ಬಂದು ಎಲ್ಲರ ತಲೆ ತಿನ್ನುತ್ತದೆ. ಭಾವ ನನ್ನನ್ನು ಸಿಸ್ಟರ್ ಎಂದು ಕರೆಯುತ್ತಾರೆ. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ.

ನಾನಿರುವುದು ಅಕ್ಕ ಭಾವನ ಮನೆಯ ಮಹಡಿಯಲ್ಲಿ. ಕೆಳಗೆ ಬೀದಿಗೆ ಮುಖ ಮಾಡಿ ಭಾವನ ಗಾಜಿನ ಅಂಗಡಿ. ಕಿಟಕಿಗೆ ಗಾಜು ಕತ್ತರಿಸುವುದು, ಕನ್ನಡಿಯ ಅಂಚು ಉಜ್ಜುವುದು ಅವರ ಕೆಲಸ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರೇ ಅಂಟಿಸಿ ಮಾಡಿದ ಮೀನಿನ ತೊಟ್ಟಿ, ತೊಟ್ಟಿಯಲ್ಲಿ ಅಕ್ಕನ ಗೋಲ್ಡ್ ಫಿಶ್. ಅದಕ್ಕೆ ಹನ್ನೊಂದು ವರ್ಷ, ಅದರ ಹೆಸರು ಮುದುಕಪ್ಪ. ಅಕ್ಕನಿಗೆ ಮಕ್ಕಳಿಲ್ಲ. ಆ ಮಾತು ಅಷ್ಟಕ್ಕೇ ಇರಲಿ.

ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಅವಳು ಮನೆಗೆ ಬರುವಾಗ ತೊಟ್ಟಿ ತುಂಬಿದಂತೆ ಕಾಣಲಿ ಎಂದು ಭಾವ ಎರಡು ಪಟ್ಟೆ ಮೀನು ತಂದು ಬಿಟ್ಟರು. ನೋಡಲು ಚೆಂದವೇ. ಮಾರನೆಯ ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಮುದುಕಪ್ಪ ಮೂಲೆಯಲ್ಲಿ ಓರೆಯಾಗಿ ತೇಲುತ್ತಿದ್ದ. ಬಾಲ ಚಿಂದಿ, ಒಂದು ಪಕ್ಕದ ಹುರುಪೆ ಕಿತ್ತು ಕೆಂಪು ಮಾಂಸ ಕಾಣುತ್ತಿತ್ತು. ಪಟ್ಟೆ ಮೀನುಗಳು ಇನ್ನೂ ಬಂದು ಬಂದು ಕುಕ್ಕುತ್ತಿದ್ದವು.

"ಭಾವ, ಕಣ್ಣು ಎಲ್ಲಿಟ್ಟುಕೊಂಡಿದ್ರಿ ನೀವು?"

"ಅಂಗಡಿಯಲ್ಲಿ ಗಿರಾಕಿ ಇದ್ದರಮ್ಮ. ಸಣ್ಣ ಮೀನು ದೊಡ್ಡದನ್ನ ಏನು ಮಾಡುತ್ತೆ ಅಂದ್ಕೊಂಡೆ."

"ತರೋ ಮುಂಚೆ ಮೀನು ಮಾರೋನನ್ನ ಕೇಳೋಕೆ ಬಾಯಿರಲಿಲ್ವಾ?"

ಬಾಯಿಗೆ ಬಂದಂತೆ ಬಯ್ದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅಕ್ಕನ ಹತ್ತಿರ ಮೂವತ್ತು ವರ್ಷ ಬೈಸಿಕೊಂಡು ಅಭ್ಯಾಸವಾದ ಮನುಷ್ಯ. ನಂತರ ಅಟ್ಟದಿಂದ ಒಂದು ಚಿಕ್ಕ ತೊಟ್ಟಿ ಇಳಿಸಿದರು. ದೊಡ್ಡ ತೊಟ್ಟಿಯದೇ ನೀರು ತುಂಬಿ, ಮುದುಕಪ್ಪನನ್ನು ಬೋಗುಣಿಯಲ್ಲಿ ಎತ್ತಿ ಅದರಲ್ಲಿ ಬಿಟ್ಟರು. ದೊಡ್ಡ ತೊಟ್ಟಿಯ ನೀರು ಸೋಸುವ ಸ್ಪಂಜನ್ನೂ ಗಾಳಿಯ ಕೊಳವೆಯನ್ನೂ ಇದಕ್ಕೆ ಹಾಕಿದರು. ಗಾಯ ಕೀವಾಗದಿರಲೆಂದು ನಾನು ಅಳತೆ ನೋಡಿ ಉಪ್ಪು ಕರಗಿಸಿ ಸುರಿದೆ.

ಆ ಸ್ಪಂಜು ನೋಡಿದರೆ ವಾಂತಿ ಬರುವಂತಿತ್ತು. ಕಂದು ಬಣ್ಣ, ಲೋಳೆ.

"ಇದನ್ನ ತೊಳೀಬಾರದಾ?" ಎಂದೆ.

"ಅದು ಹಾಗೇ ಇರಲಿ ಸಿಸ್ಟರ್. ಅದನ್ನ ಮುಟ್ಟಬೇಡ."

ಸೋಮಾರಿತನ ಎಂದುಕೊಂಡೆ.

ನಾಲ್ಕು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆವು. ಗಾಯದ ಕೆಂಪು ಇಳಿಯಿತು, ಹರಿದ ಬಾಲದ ಅಂಚಿನಲ್ಲಿ ತೆಳ್ಳಗೆ ಹೊಸ ಪೊರೆ ಬಂತು. ನಾಲ್ಕನೆಯ ದಿನ ಮುದುಕಪ್ಪ ನನ್ನ ಬೆರಳಿಗೇ ಬಂದು ಕಾಳು ತಿಂದ. ನನಗೆ ಹಿಗ್ಗೋ ಹಿಗ್ಗು, ಇನ್ನೊಂದು ಚಿಟಿಕೆ ಹಾಕಿದೆ. ವಾರ್ಡಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಗಾಯವಾದ ಸುದ್ದಿಯನ್ನೂ ಆಗಲೇ ಹೇಳಿದ್ದು.

ಅಕ್ಕ ಭಾವನಿಗೆ ಹಿಡಿ ಶಾಪ ಹಾಕಿ, ನನ್ನ ಕೈ ಹಿಡಿದಳು. "ನೀನಿದ್ದೀಯಲ್ಲ, ನನಗದೇ ಧೈರ್ಯ. ನಾನು ಬರೋವರೆಗೂ ಉಳಿಸಿಕೊಡು, ಸಾಕು."

ಆ ಮಾತು ತಲೆಗೇರಿತು. ಮನೆಗೆ ಬಂದು ನೋಡಿದರೆ ಅದೇ ಲೋಳೆ ಸ್ಪಂಜು. ಮೈ ಮೇಲೆ ತೆರೆದ ಗಾಯ ಇಟ್ಟುಕೊಂಡ ರೋಗಿಯ ಪಕ್ಕದಲ್ಲಿ ಇಂಥದ್ದೊಂದು ವಸ್ತುವೇ? ಭಾವ ಯಾರದೋ ಮನೆಗೆ ಕಿಟಕಿ ಕೂರಿಸಲು ಹೋಗಿದ್ದರು. ಸ್ಪಂಜನ್ನು ಪಾತ್ರೆಗೆ ಹಾಕಿ ಇಪ್ಪತ್ತು ನಿಮಿಷ ಕುದಿಸಿದೆ. ಹಿಂಡಿದೆ, ಮತ್ತೆ ಕುದಿಸಿದೆ. ತೊಟ್ಟಿಯ ಒಳಗೋಡೆಗಳನ್ನೂ ಉಜ್ಜಿದೆ. ಸ್ಪಂಜು ಹೊಸದರಂತೆ ಬೆಳ್ಳಗಾಯಿತು. ನನ್ನ ಕೆಲಸ ನನಗೇ ಮೆಚ್ಚಿಗೆಯಾಯಿತು.

ಎರಡು ದಿನ ಕಳೆದು ಬೆಳಿಗ್ಗೆ ಇಳಿದು ಬಂದರೆ ಮುದುಕಪ್ಪ ನೀರಿನ ಮೇಲೆ ಬಾಯಿ ತೆರೆದು ತೆರೆದು ಗಾಳಿ ನುಂಗುತ್ತಿದ್ದ. ಕಿವಿರು ಕೆಂಡದಂತಿತ್ತು. ಭಾವನನ್ನು ಕೂಗಿದೆ. ಅವರು ಓಡಿ ಬಂದರು. ನೀರನ್ನು ಮೂಸಿದರು, ಸ್ಪಂಜು ಎತ್ತಿ ನೋಡಿದರು. ಬೆಳ್ಳಗಿದ್ದ ಸ್ಪಂಜು.

"ಕುದಿಸಿದೆಯಾ?"

"ಹೂಂ."

"ಅದರಲ್ಲಿ ಜೀವ ಇರುತ್ತಮ್ಮ, ಕಣ್ಣಿಗೆ ಕಾಣದ್ದು. ಮೀನಿನ ಹೊಲಸನ್ನೆಲ್ಲ ಅದೇ ತಿನ್ನೋದು. ಅದು ಸತ್ತರೆ ನೀರೇ ವಿಷ."

ಮೂವತ್ತೊಂದು ವರ್ಷ ನಾನು ಕೊಂದದ್ದು ಅದನ್ನೇ, ಕಣ್ಣಿಗೆ ಕಾಣದ್ದನ್ನು. ಅದಕ್ಕೇ ನನಗೆ ಸಂಬಳ. ಭಾವ ದೊಡ್ಡ ತೊಟ್ಟಿಯಿಂದ ನೀರು ತಂದು ಅರ್ಧ ಬದಲಿಸಿದರು, ಅಂಗಡಿ ತೆರೆಯದೆ ಅಲ್ಲೇ ಕೂತರು. ಮಧ್ಯಾಹ್ನದ ಹೊತ್ತಿಗೆ ಮುದುಕಪ್ಪ ಹೋಗಿಬಿಟ್ಟ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ನಾನಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದೆ.

ಮೂರು ದಿನದ ಮೇಲೆ ಅಕ್ಕ ವಾಕರ್ ಹಿಡಿದು ಮನೆಗೆ ಬಂದಳು. ಚಿಕ್ಕ ತೊಟ್ಟಿ ಬರಿದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಭಾವ, "ನನ್ನ ತಪ್ಪು ಕಣೇ. ಆ ಎರಡನ್ನ ತಂದವನು ನಾನು," ಎಂದರು.

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನಾನು ಸುಮ್ಮನಿದ್ದೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಕ್ಕ ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಅವರು ತಟ್ಟೆ ತಂದರೆ ಮುಟ್ಟಲಿಲ್ಲ, ನಾನು ತಂದರೆ ತಿಂದಳು. ಭಾವ ಅಂಗಡಿಯ ಮೇಜಿನ ಮೇಲೇ ಉಂಡು, ಅಲ್ಲೇ ಚಾಪೆ ಹಾಸಿದರು. ನಾಲ್ಕನೆಯ ದಿನ ನಾನು ಅಕ್ಕನ ತಲೆ ಬಾಚುತ್ತಿದ್ದೆ.

"ನೀನಾದ್ರೂ ಅಷ್ಟು ದಿನ ಉಳಿಸಿದೆ," ಎಂದಳು. "ಆ ಮನುಷ್ಯನ ಮುಖ ನೋಡೋಕೆ ನನಗಿಷ್ಟವಿಲ್ಲ."

ಬಾಚಿ ಮುಗಿಸಿ ಜಡೆ ಹೆಣೆಯತೊಡಗಿದ್ದೆ.

"ಅಕ್ಕ, ಅವರಲ್ಲ. ವಾಸಿಯಾಗ್ತಿದ್ದವನನ್ನ ಕೊಂದವಳು ನಾನು. ಮುಟ್ಟಬೇಡ ಅಂದ ಸ್ಪಂಜನ್ನ ಕುದಿಸಿದೆ."

ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾಲ್ಕು ದಿನ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲೇ ನೀನು."

ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ವಾಕರ್ ಎಳೆದುಕೊಂಡು, ನಾನು ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿ, ಒಂದೊಂದೇ ಹೆಜ್ಜೆ ಇಟ್ಟು ಅಂಗಡಿಯ ಬಾಗಿಲಿಗೆ ಹೋದಳು. ಗಾಜು ಉಜ್ಜುವ ಸದ್ದು ನಿಂತಿತು.

"ಊಟ ಆಯ್ತಾ ನಿಮ್ಮದು?" ಎಂದು ಕೇಳಿದಳು.

ಭಾವ ಏನೆಂದರೋ ನನಗೆ ಕೇಳಿಸಲಿಲ್ಲ. ಅಕ್ಕ ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು. ನಾನು ಬಾಚಣಿಗೆ ಹಿಡಿದು ಮಂಚದ ಮೇಲೆ ಕೂತೇ ಇದ್ದೆ.