ಹಳದಿಯಾಗದ ಜಾಡಿ

ತಮ್ಮನ ಹೆಸರಿಗೆ ‘ಡಾಕ್ಟರ್’ ಎಂದು ಅಂಟಿಸಿದ್ದ ಆಮಂತ್ರಣ ಪತ್ರಿಕೆಯನ್ನು ಪ್ರೊಫೆಸರಮ್ಮ ಸತ್ತ ಜಿರಳೆಯನ್ನು ಎತ್ತಿದಂತೆ ಎರಡೇ ಬೆರಳಲ್ಲಿ ಎತ್ತಿ ನೋಡಿದರು. ಈ ಡಾಕ್ಟರ್ ಎಲ್ಲಿಂದ ಬಂತೆಂದು ಅವರು ಕೇಳಿರಲಿಲ್ಲ. ಕೇಳಿದರೆ ಅವನು ಸಂಕೋಚವೇ ಇಲ್ಲದೆ ಹೇಳಿಬಿಡುವವನು. ಕೆಮಿಸ್ಟ್ರಿಯಲ್ಲಿ ಅವನು ಡುಮ್ಕಿ ಹೊಡೆದಾಗಲೆಲ್ಲ ಕೂರಿಸಿಕೊಂಡು ಪಾಠ ಹೇಳಿದವರು ಇವರೇ. ಹೇಳಿದ್ದು ಒಂದೂ ತಲೆಗೆ ಹೋಗಿರಲಿಲ್ಲ, ಆದರೆ ಪಾಠ ಹೇಳುವಾಗ ಅಕ್ಕ ಕೈ ಆಡಿಸುತ್ತಿದ್ದ ರೀತಿ ಮಾತ್ರ ಹಾಗೇ ಬಂದುಬಿಟ್ಟಿತ್ತು.

ಈಗ ಅವನು ‘ನಿತ್ಯತರುಣ ಹನಿ’ ಎಂಬ ಕಂದು ಬಣ್ಣದ ಔಷಧ ಮಾರುತ್ತಿದ್ದ. ಬೆಳಿಗ್ಗೆ ಹತ್ತು ಹನಿ ಕುಡಿದರೆ ಮೈಯೊಳಗಿನ ರ್‍ಯಾಡಿಕಲ್‌ಗಳೆಲ್ಲ ನೆಗೆದು ಬೀಳುತ್ತವಂತೆ, ಮುಪ್ಪು ಹತ್ತಿರ ಸುಳಿಯುವುದಿಲ್ಲವಂತೆ. ಅದನ್ನು ಕುಡಿಯುತ್ತಿದ್ದ ಅವನ ಹೆಂಡತಿಗೆ ಅವನಿಗಿಂತ ಮೊದಲೇ ತಲೆ ನೆರೆತಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಪ್ರೊಫೆಸರಮ್ಮನಿಗೆ ಹೆಚ್ಚು ಉರಿದದ್ದು ಬೇರೆ ವಿಷಯಕ್ಕೆ. ಒಮ್ಮೆ ಅವನು ಯಾವುದೋ ಕೆಲಸದ ನೆಪದಲ್ಲಿ ಅವರ ಪ್ರಯೋಗಾಲಯಕ್ಕೆ ಬಂದಿದ್ದ. ಅವರು ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ತೋರಿಸುತ್ತಿದ್ದರು. ಸಾಮಾನ್ಯವಾಗಿ ರ್‍ಯಾಡಿಕಲ್ ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇಟ್ಟುಕೊಂಡು ಚಡಪಡಿಸುವ ಅಣು. ಸಿಕ್ಕಿದ್ದರಿಂದ ಒಂದು ಹೈಡ್ರೋಜನ್ ಕಿತ್ತುಕೊಂಡರೇ ಅದಕ್ಕೆ ಸಮಾಧಾನ, ಹಾಗಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ. ಆದರೆ ಶೀಶೆಯಲ್ಲಿ ವರ್ಷಗಟ್ಟಲೆ ತೆಪ್ಪಗೆ ಕೂರುವ ನೇರಳೆ ಬಣ್ಣದ ಒಂದು ರ್‍ಯಾಡಿಕಲ್ ಇದೆ. ಅದನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗಿಸಿ ಸ್ವಲ್ಪ ಫೀನಾಲ್ ಹಾಕಿದರೆ ಫೀನಾಲ್‌ನ ಹೈಡ್ರೋಜನ್ ಕಿತ್ತುಕೊಂಡು, ನೋಡನೋಡುತ್ತಿದ್ದಂತೆ ನೇರಳೆ ಹೋಗಿ ಹಳದಿಯಾಗುತ್ತದೆ. ತಮ್ಮ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದ. ಮಾರನೆಯ ತಿಂಗಳಿನಿಂದ ಅದೇ ಅವನ ಜಾಹೀರಾತಾಯಿತು. ನೇರಳೆ ಅಂದರೆ ಮುಪ್ಪು, ಹಳದಿ ಅಂದರೆ ಯೌವನ!

ಅದೇ ಕ್ರಿಯೆ ಬೇರೆ ಬೇರೆ ದ್ರಾವಕಗಳಲ್ಲಿ ಎಷ್ಟು ವೇಗವಾಗಿ ನಡೆಯುತ್ತದೆ ಎಂದು ಅಳೆಯುವುದರಲ್ಲೇ ಪ್ರೊಫೆಸರಮ್ಮನ ಅರ್ಧ ಆಯುಷ್ಯ ಕಳೆದಿತ್ತು. ಅವರ ಲೇಖನಗಳನ್ನು ಓದುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ತಮ್ಮನ ಸಭೆಗಳಿಗೆ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಲ್ಲುತ್ತಿದ್ದರು.

ಆಮಂತ್ರಣ ಕಸದ ಬುಟ್ಟಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಅಮ್ಮನ ಫೋನು ಬಂತು.

“ಹೋಗ್ತೀಯ ತಾನೇ?”

“ಆ ದೊಂಬರಾಟಕ್ಕೆ ನಾನ್ಯಾಕಮ್ಮಾ?”

“ನಿನ್ನ ಜೊತೆ ಹುಟ್ಟಿದೋನು. ಮುಂದಿನ ಸಾಲಲ್ಲಿ ನಿನಗೊಂದು ಕುರ್ಚಿ ಇಟ್ಟಿದಾನೆ. ಬಂದು ಮುಖ ಗಂಟು ಹಾಕ್ಕೊಂಡಾದ್ರೂ ಕೂತ್ಕೊ, ಅಭ್ಯಾಸ ಇದೆಯಲ್ಲ.”

ಅಮ್ಮನ ಎದುರು ಯಾವ ಡಿಗ್ರಿಯೂ ನಡೆಯುವುದಿಲ್ಲ. ಪ್ರೊಫೆಸರಮ್ಮ ಹೋದರು.

ಹೋಟೆಲಿನ ದೊಡ್ಡ ಹಾಲ್. ಕುರ್ಚಿಗಳಿಗೆಲ್ಲ ಬಿಳಿ ಗವಸು, ವೇದಿಕೆಯ ಮೇಲೆ ತಮ್ಮನ ಆಳೆತ್ತರದ ಚಿತ್ರ. ಚಿತ್ರದಲ್ಲಿ ಅವನ ಹೊಟ್ಟೆಯನ್ನು ಕಂಪ್ಯೂಟರ್ ಕರಗಿಸಿತ್ತು. ಊರೂರಿನ ಡೀಲರುಗಳು ಬಿಟ್ಟಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಅಮ್ಮ ಹೊಸ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಪ್ರೊಫೆಸರಮ್ಮ ಪಕ್ಕದಲ್ಲಿ ಕೂತ ಕೂಡಲೇ ಅವರ ಮೂಗಿಗೆ ಒಂದು ವಾಸನೆ ಬಡಿಯಿತು. ಉಗುರುಬಣ್ಣ ಅಳಿಸುವ ದ್ರವದ ಘಾಟು. ವೇದಿಕೆಯ ಮೇಜಿನ ಮೇಲೆ ದೊಡ್ಡ ಗಾಜಿನ ಜಾಡಿ, ಅದರ ತುಂಬ ನೇರಳೆ.

ಜಾಡಿಯನ್ನು ಸರಿಮಾಡುತ್ತಿದ್ದ ಸೇಲ್ಸ್ ಮ್ಯಾನೇಜರನನ್ನು ಅವರು ಕರೆದರು. “ಏನಪ್ಪಾ, ಯಾವುದರಲ್ಲಿ ಕರಗಿಸಿದೀಯ?”

“ಅಸಿಟೋನ್ ಮೇಡಂ. ಹೆಕ್ಸೇನ್ ಪೆಟ್ರೋಲ್ ತರ ನಾರುತ್ತೆ ಅಂತ ಹೋಟೆಲ್ನೋರು ಗಲಾಟೆ ಮಾಡಿದ್ರು. ಎರಡೂ ನೋಡೋಕೆ ನೀರಿನ ತರಾನೇ ಅಲ್ವಾ?”

“ಹೌದಪ್ಪಾ,” ಅಂದರು ಪ್ರೊಫೆಸರಮ್ಮ. “ಎರಡೂ ನೀರಿನ ಹಾಗೇ ಇವೆ.”

ಅವನು ಟೈ ನೇರ ಮಾಡಿಕೊಂಡು ಹೋದ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಹೇಳಲಿಲ್ಲ. ಬಹಳ ದಿನಗಳ ಮೇಲೆ ಮನಸ್ಸಿಗೆ ಏನೋ ಉಲ್ಲಾಸ. ಕಾಲ ಮೇಲೆ ಕಾಲು ಹಾಕಿಕೊಂಡು, ಒಳ್ಳೆಯ ನಾಟಕಕ್ಕೆ ಬಂದವರ ಹಾಗೆ ಬೆನ್ನು ಒರಗಿಸಿದರು.

ತಮ್ಮ ಮೈಕು ಹಿಡಿದ. ಅಕ್ಕನ ಹಾಗೇ ಕೈ ಆಡಿಸುತ್ತ ರ್‍ಯಾಡಿಕಲ್‌ಗಳನ್ನು ಕಳ್ಳರು ಅಂದ, ಕೊಲೆಗಡುಕರು ಅಂದ. “ಈಗ ನೋಡಿ!” ಎಂದು ಔಷಧದ ಹನಿಗಳನ್ನು ಜಾಡಿಗೆ ಬಿಟ್ಟು ಗಾಜಿನ ಕಡ್ಡಿಯಿಂದ ಕಲಕಿದ. ಜನ ಕತ್ತು ಚಾಚಿದರು.

ನೇರಳೆ ನೇರಳೆಯಾಗೇ ಇತ್ತು.

ಇನ್ನಷ್ಟು ಬಿಟ್ಟ, ಜೋರಾಗಿ ಕಲಕಿದ. ನೇರಳೆ ಜಗ್ಗಲಿಲ್ಲ. ಹಿಂದಿನ ಸಾಲಿನಿಂದ ಯಾರೋ, “ಮುಪ್ಪು ಬಿಡೋ ಹಂಗೆ ಕಾಣಲ್ಲ ಸಾರ್,” ಅಂದ. ಹಾಲ್ ಗೊಳ್ಳೆಂದಿತು. ತಮ್ಮನ ಹಣೆಯ ಮೇಲೆ ಬೆವರು ಮೂಡಿತು. ಪ್ರೊಫೆಸರಮ್ಮ ಆ ಬೆವರನ್ನು ಕಣ್ತುಂಬ ನೋಡಿದರು. ಅಮ್ಮ ಮೊಣಕೈಯಿಂದ ತಿವಿದರೂ ಏಳಲಿಲ್ಲ.

ಆಗ ಅವನು ಮೈಕಿನಲ್ಲೇ, “ನಮ್ಮಕ್ಕ ಇಲ್ಲೇ ಇದಾರೆ. ಇದರಲ್ಲಿ ದೊಡ್ಡ ವಿಜ್ಞಾನಿ. ಅಕ್ಕಾ, ದಯವಿಟ್ಟು ಬಾ,” ಅಂದ.

ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಗುವುದಿಲ್ಲ ಎಂದುಕೊಂಡು ಅವರು ವೇದಿಕೆ ಹತ್ತಿದರು.

“ನಿಮ್ಮ ಡಾಕ್ಟರಿಗೆ ಗೊತ್ತಿಲ್ಲದ್ದನ್ನ ಹೇಳ್ತೀನಿ ಕೇಳಿ,” ಎಂದು ಶುರು ಮಾಡಿದರು. “ಇವನ ಔಷಧದಲ್ಲಿ ಕೆಲಸಕ್ಕೆ ಬರೋದು ಅಂತ ಇದ್ರೆ ಒಂದು ಫೀನಾಲ್. ಅದರ ಆಕ್ಸಿಜನ್ ಮೇಲೆ ಕೂತಿರೋ ಹೈಡ್ರೋಜನ್ನನ್ನ ಈ ನೇರಳೆ ರ್‍ಯಾಡಿಕಲ್ ಕಿತ್ಕೋಬೇಕು. ಹೆಕ್ಸೇನ್‌ನಲ್ಲಿ ಸಲೀಸಾಗಿ ಕಿತ್ಕೊಳ್ಳುತ್ತೆ, ಯಾಕಂದ್ರೆ ಹೆಕ್ಸೇನ್ ಯಾರ ತಂಟೆಗೂ ಹೋಗಲ್ಲ. ಇಲ್ಲಿ ಹಾಕಿರೋದು ಅಸಿಟೋನ್. ಅಸಿಟೋನಿನ ಆಕ್ಸಿಜನ್ ಫೀನಾಲಿನ ಹೈಡ್ರೋಜನ್ನನ್ನ ಹಿಡ್ಕೊಂಡುಬಿಡುತ್ತೆ. ಅದಕ್ಕೆ ಹೈಡ್ರೋಜನ್ ಬಂಧ ಅಂತಾರೆ. ಹಾಗೆ ಹಿಡಿದಿರೋವಾಗ ರ್‍ಯಾಡಿಕಲ್ ಎಷ್ಟು ಹೊಂಚು ಹಾಕಿದ್ರೂ ಸಿಗಲ್ಲ. ಬಂಧ ಬಿಟ್ಟು ಒಂಟಿಯಾಗಿ ಓಡಾಡೋ ಫೀನಾಲ್ ಸಿಗೋ ತನಕ ಕಾಯಬೇಕು. ವೇಗ ನೂರನೇ ಒಂದು ಭಾಗಕ್ಕೆ ಇಳಿದ್ರೂ ಇಳಿಯಬಹುದು. ಒಂದು ದ್ರಾವಕ ಬದಲಾದ್ರೆ ಕಕ್ಕಾಬಿಕ್ಕಿ ಆಗೋ ವಸ್ತು ನಿಮ್ಮ ಹೊಟ್ಟೇಲಿ, ರಕ್ತದಲ್ಲಿ ಏನು ಮಾಡುತ್ತೋ ಈ ಮಹಾಶಯನಿಗೆ ಗೊತ್ತಿಲ್ಲ. ಈ ಜಾಡಿ ಆಟಕ್ಕೂ ಮುಪ್ಪಿಗೂ ಏನೂ ಸಂಬಂಧ ಇಲ್ಲ.”

ಇಲ್ಲಿಗೆ ಇಳಿದುಬಿಟ್ಟಿದ್ದರೆ ಅವರೇ ಗೆದ್ದಂತಿತ್ತು. ಆದರೆ ಇಷ್ಟು ಜನ ಉಸಿರು ಬಿಗಿಹಿಡಿದು ರಸಾಯನಶಾಸ್ತ್ರ ಕೇಳಿದ್ದನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಅರ್ಧ ಹೇಳಿ ನಿಲ್ಲಿಸುವುದು ಅವರಿಂದ ಆಗಲಿಲ್ಲ.

“ಹಾಗಂತ ಹೈಡ್ರೋಜನ್ ಬಂಧ ಯಾವಾಗಲೂ ತಡೆಯುತ್ತೆ ಅಂತಲ್ಲ,” ಎಂದು ಮುಂದುವರಿಸಿದರು. “ಕೆಲವು ಫೀನಾಲ್‌ಗಳಲ್ಲಿ ಪಕ್ಕಪಕ್ಕದಲ್ಲೇ ಎರಡು ಹೈಡ್ರಾಕ್ಸಿಲ್, ಅಂದ್ರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಇರುತ್ತೆ. ಒಂದರ ಹೈಡ್ರೋಜನ್ ಹೋದ ಮೇಲೆ ಉಳಿಯೋ ರ್‍ಯಾಡಿಕಲ್‌ಗೆ ಇನ್ನೊಂದು ಒಳಗಿಂದಲೇ ಆಸರೆ ಕೊಡುತ್ತೆ. ಅಂಥ ಕಡೆ ಹೈಡ್ರೋಜನ್ ಬಂಧ ಇರೋದ್ರಿಂದಲೇ ಕೆಲಸ ಚುರುಕಾಗುತ್ತೆ.”

ತಮ್ಮನ ಮುಖಕ್ಕೆ ಜೀವ ಬಂತು. ಮೈಕು ಅವನ ಕೈಗೆ ಯಾವಾಗ ಹೋಯಿತೋ ತಿಳಿಯಲಿಲ್ಲ.

“ಕೇಳಿದ್ರಾ?” ಎಂದು ಅವನು ಕೂಗಿದ. “ಹೈಡ್ರೋಜನ್ ಬಂಧ ಇದ್ರೆ ಕೆಲಸ ಚುರುಕು! ಯಾರು ಹೇಳಿದ್ದು? ನನ್ನ ಒಡಹುಟ್ಟಿದ ಅಕ್ಕ! ಸ್ವಂತ ತಮ್ಮನ ಮಾಲಲ್ಲೇ ತಪ್ಪು ಹುಡುಕೋ ಇಂಥ ವಿಜ್ಞಾನಿ ಬೇರೆ ಯಾವ ಕಂಪನೀಲಿ ಇದಾರೆ ತೋರಿಸಿ! ಮುಂದಿನ ಮಾಲು ಹೈಡ್ರೋಜನ್ ಬಂಧ ಸಮೇತ ಬರುತ್ತೆ!”

ಚಪ್ಪಾಳೆ ಬಿತ್ತು. ಗೊಳ್ಳೆಂದಿದ್ದ ಹಿಂದಿನ ಸಾಲಿನವನೇ ಎದ್ದು ನಿಂತು ತಟ್ಟಿದ. “ಅಯ್ಯೋ ಮೂರ್ಖರಾ, ನಾನು ಹೇಳಿದ್ದು ಅದಲ್ಲ,” ಎಂದು ಪ್ರೊಫೆಸರಮ್ಮ ಅರಚಿದ್ದು ಮೈಕಿಲ್ಲದೆ ಯಾರಿಗೂ ಕೇಳಿಸಲಿಲ್ಲ. ಅಮ್ಮನಿಗೆ ಮಾತ್ರ ಕಣ್ಣಲ್ಲಿ ನೀರು. ಮಕ್ಕಳಿಬ್ಬರೂ ಒಂದೇ ವೇದಿಕೆ ಮೇಲೆ ನಿಂತದ್ದನ್ನು ಆಕೆ ನೋಡಿದ್ದು ಅದೇ ಮೊದಲು.

ಎಲ್ಲರೂ ಊಟಕ್ಕೆ ಹೋದ ಮೇಲೆ ಪ್ರೊಫೆಸರಮ್ಮ ಒಬ್ಬರೇ ಜಾಡಿಯ ಹತ್ತಿರ ನಿಂತರು. ನೇರಳೆ ಇಷ್ಟಿಷ್ಟೇ ತಿಳಿಯಾಗುತ್ತಿತ್ತು. ಅವರು ಹೇಳಿದ್ದ ಲೆಕ್ಕದಂತೆಯೇ, ತನ್ನ ಪಾಡಿಗೆ, ನಿಧಾನವಾಗಿ. ನೋಡುವುದಕ್ಕೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅವರ ವಿಭಾಗದ ಮುಖ್ಯಸ್ಥರೇ, “ನಿಮ್ಮ ಹೈಡ್ರೋಜನ್ ಬಂಧದ ಹನಿ ನಮ್ಮನೆಯೋಳಿಗೆ ಒಂದೆರಡು ಬಾಟ್ಲಿ ಬೇಕಿತ್ತು, ತಮ್ಮನಿಗೆ ಹೇಳಿ,” ಎಂದು ಹಲ್ಲು ಕಿರಿದರು. ರ್‍ಯಾಡಿಕಲ್ ರಸಾಯನಶಾಸ್ತ್ರ ಬೋಧಿಸುವ ಮನುಷ್ಯ! ಪ್ರೊಫೆಸರಮ್ಮ ಅವರನ್ನು ನೆತ್ತಿಯಿಂದ ಚಪ್ಪಲಿಯ ತನಕ ಒಮ್ಮೆ ನೋಡಿ, ಅಲ್ಲಿಂದ ನೇರ ತಮ್ಮನ ಆಫೀಸಿಗೆ ನುಗ್ಗಿದರು.

“ಕೋರ್ಟಿಗೆ ಎಳೀತೀನಿ ನಿನ್ನ! ನನ್ನ ಬಾಯಲ್ಲಿ ಬಂದಿದ್ದನ್ನ ತಿರುಚಿ ಮಾರ್ತೀಯ?”

ಅವನು ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ. ಅಚ್ಚಿಗೆ ಹೋಗಲಿದ್ದ ಹೊಸ ಲೇಬಲ್ಲನ್ನು ಅಕ್ಕನ ಮುಂದಿಟ್ಟ. “ಒಂದಕ್ಷರ ಸುಳ್ಳಿದ್ರೆ ತೋರಿಸಕ್ಕಾ. ತೆಗೆದುಹಾಕಿಬಿಡ್ತೀನಿ.”

ಅವರು ಕನ್ನಡಕ ಏರಿಸಿಕೊಂಡು ಓದಿದರು. ‘ಹೈಡ್ರೋಜನ್ ಬಂಧವು ರ್‍ಯಾಡಿಕಲ್‌ಗಳ ಚಟುವಟಿಕೆಯ ಮೇಲೆ ಗಾಡವಾದ ಪ್ರಬಾವ ಬೀರುತ್ತದೆ ಎಂದು ವಿಜ್ಞಾನ ಹೇಳುತ್ತದೆ.’ ಅಷ್ಟೇ. ಬಾಟಲಿಯೊಳಗೆ ಏನಿದೆ, ಕುಡಿದರೆ ಏನಾಗುತ್ತದೆ ಎಂಬ ಮಾತೇ ಇರಲಿಲ್ಲ. ಅದು ಅವರದೇ ಪ್ರಬಂಧದ ಮೊದಲ ಸಾಲು. ಸುಳ್ಳೆಂದು ಹೇಗೆ ಹೇಳುವುದು? ಇನ್ನೊಮ್ಮೆ ಓದಿದರು.

“ದರಿದ್ರದೋನೇ,” ಅಂದರು ಕೊನೆಗೆ. “ಗಾಢಕ್ಕೆ ಮಹಾಪ್ರಾಣ ಬೇಡ್ವೇನೋ? ಪ್ರಭಾವ ಅಂತ ಬರೆಯೋಕೂ ಬರಲ್ಲ ನಿನಗೆ.” ಮೇಜಿನ ಮೇಲಿದ್ದ ಪೆನ್ನು ಕಿತ್ತುಕೊಂಡು ಎರಡೂ ಕಡೆ ತಿದ್ದಿ ಲೇಬಲ್ಲನ್ನು ಅವನ ಮುಖಕ್ಕೆ ಎಸೆದರು.

“ಥ್ಯಾಂಕ್ಸ್ ಅಕ್ಕಾ,” ಅಂದ ಅವನು ಅದನ್ನು ಎತ್ತಿಕೊಳ್ಳುತ್ತ. ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಉಪಕಾರ ಸ್ಮರಿಸುವವನ ಹಾಗಿತ್ತು. “ಸರಿಯಾಗಿ ಪ್ರೂಫ್ ನೋಡೋರು ಯಾರೂ ಸಿಕ್ಕಿರ್ಲಿಲ್ಲ.”

ಪ್ರೊಫೆಸರಮ್ಮ ಕಾಫಿ ಮುಟ್ಟದೆ ಎದ್ದರು. ಮೆಟ್ಟಿಲು ಇಳಿಯುತ್ತ ಡೀಲರುಗಳನ್ನು ಬೈದುಕೊಂಡರು, ಮುಖ್ಯಸ್ಥರನ್ನು ಬೈದುಕೊಂಡರು, ಅಮ್ಮನನ್ನೂ ಬಿಡಲಿಲ್ಲ. ಬೀದಿಗೆ ಬಂದಾಗ ಬೈಯುವುದಕ್ಕೆ ಒಬ್ಬರೇ ಉಳಿದಿದ್ದರು, ಲೇಬಲ್ ತಿದ್ದಿಕೊಟ್ಟವರು. ಅವರನ್ನೂ ಬೈದುಕೊಂಡು, ಮನೆ ಕಡೆ ಹೋಗುವ ಬಸ್ಸು ಹತ್ತಿದರು.